ದೇಯಿಯ ಎಂಟನೆಯ ಅರ್ಜಿ

ಚಿತ್ರದುರ್ಗ
ಕ್ರಿ.ಶ. ೨೨೧೪, ಎರಡನೆಯ ವೈಶಾಖ, ಮೂವತ್ತಮೂರನೆಯ ದಿನ

ಎರಡು ಶತಮಾನಗಳ ಹಿಂದಿನ ಮಾನ್ಯ ಓದುಗರೇ,

ತಾರೀಖು ತಪ್ಪಿಲ್ಲ. ಬೇಸಿಗೆ ಉದ್ದವಾದ ಮೇಲೆ ನಮ್ಮ ಪಂಚಾಂಗದಲ್ಲಿ ವೈಶಾಖವನ್ನು ಎರಡು ಮಾಡಿ, ದಿನಗಳನ್ನೂ ಹೆಚ್ಚಿಸಿದರು. ಅಪರಿಚಿತ ಪದಗಳು ಸಿಕ್ಕರೆ ಕ್ಷಮಿಸಬೇಕು. ಮೂವತ್ತೆಂಟು ವರ್ಷ ಮಕ್ಕಳ ತಪ್ಪು ತಿದ್ದಿದವನು ನಾನು, ಆದಷ್ಟು ಬಿಡಿಸಿ ಬರೆಯುತ್ತೇನೆ. ಗತಕಾಲಕ್ಕೆ ಕಳುಹಿಸುವ ಕಾಗದಕ್ಕೆ ನಮ್ಮಲ್ಲಿ ಹಿಂದಂಚೆ ಎಂದು ಹೆಸರು. ನಿವೃತ್ತರಿಗೆ ಜೀವಮಾನದಲ್ಲಿ ಒಂದೇ ಅವಕಾಶ. ಅದು ತಲುಪುತ್ತದೆಯೋ ಇಲ್ಲವೋ ಯಾರಿಗೂ ತಿಳಿಯದು. ಬೇರೆ ದಾರಿ ಕಾಣದೆ ಬರೆಯುತ್ತಿದ್ದೇನೆ.

ಕರಾವಳಿಯ ಊರುಗಳನ್ನು ಕಡಲು ನುಂಗಿದಾಗ ಘಟ್ಟ ಹತ್ತಿ ಬಂದವರು ತಮ್ಮನ್ನು ಕಡಲಿಗರು ಎಂದು ಕರೆದುಕೊಂಡರು. ಬೆಟ್ಟದ ಕೆಳಗೆ ಅವರ ನೂರ ನಲವತ್ತು ಮನೆಗಳಿವೆ. ಮೀನಿಲ್ಲದ ಈ ಊರಿನಲ್ಲೂ ಅವರು ಬಲೆ ಹೆಣೆಯುತ್ತಾರೆ. ಚಳಿಗಾಲದಲ್ಲಿ ಆ ಬಲೆಗಳನ್ನು ಬಂಡೆಗಳ ನಡುವೆ ಕಟ್ಟುತ್ತೇವೆ. ತಾಗಿದ ಮಂಜು ಹನಿಯಾಗಿ ತೊಟ್ಟಿಗೆ ಇಳಿಯುತ್ತದೆ. ಊರು ಕುಡಿಯುವ ನೀರಿನಲ್ಲಿ ಅರ್ಧದಷ್ಟು ಹೀಗೆ ಬಂದದ್ದು.

ಹೊಸತರಲ್ಲಿ ಅವರಿಗೆ ನಮ್ಮ ನೀರಿನ ಸರದಿಯ ಕ್ರಮ ತಿಳಿಯದೆ ತಡವಾಗುತ್ತಿತ್ತು. ಹಾಗಾಗಿ ತಡವಾಗಿ ಬಂದವರನ್ನೆಲ್ಲ ಜನ ಕಡಲಿಗ ಎಂದರು. ಆಮೇಲೆ ಸತ್ತ ಬ್ಯಾಟರಿ ಕಡಲಿಗವಾಯಿತು, ಹಳಸಿದ ಅನ್ನ ಕಡಲಿಗವಾಯಿತು. ಕೇಳಿಸಿಕೊಂಡವರ ಮುಖ ಬಾಡಿದರೆ, "ನಿಮ್ಗಲ್ಲಮ್ಮ ಅಂದಿದ್ದು, ಸುಮ್ನೆ ಬಾಯಿಗ್ ಬಂತು" ಎಂಬ ಸಮಾಧಾನ ಸಿದ್ಧವಿರುತ್ತಿತ್ತು.

ಒಮ್ಮೆ ನನ್ನ ತರಗತಿಯಲ್ಲಿ ಓಬಣ್ಣನೆಂಬ ವಿದ್ಯಾರ್ಥಿ ಎದ್ದುನಿಂತು, "ಸಾರ್, ಗಡಿಯಾರ ಕಡಲಿಗ ಆಗೈತೆ" ಎಂದ. ಎಲ್ಲರೂ ನಕ್ಕರು. "ತರಗತಿಯಲ್ಲಿ ಆಡುಮಾತು ಕೂಡದು. ಆಗೈತೆ ಅಲ್ಲ, ಆಗಿದೆ" ಎಂದು ಗದರಿಸಿ, ತಿದ್ದಿದ ವಾಕ್ಯವನ್ನು ಎಲ್ಲರಿಂದಲೂ ಮೂರು ಸಲ ಹೇಳಿಸಿದೆ. ಮೂರನೆಯ ಬೆಂಚಿನಲ್ಲಿದ್ದ ದೇಯಿ ಕಡಲಿಗರ ಹುಡುಗಿ. ಅವಳೂ ಹೇಳಿದಳು. ಅವಳ ಉಚ್ಚಾರಣೆ ಶುದ್ಧವಾಗಿದೆಯೆಂದು ನಾನು ಮೆಚ್ಚಿದೆ.

ಎರಡನೆಯ ತಪ್ಪನ್ನು ಸಹಿ ಹಾಕಿ ಮಾಡಿದೆ. ನಮ್ಮಲ್ಲಿ ಹತ್ತು ವರ್ಷಕ್ಕೊಮ್ಮೆ ಪದಗಣತಿ ನಡೆಯುತ್ತದೆ. ಬೀದಿಯ ಮಾತನ್ನು ದಾಖಲಿಸಿ, ಯಾವ ಪದ ಯಾವ ಅರ್ಥದಲ್ಲಿ ಎಷ್ಟು ಸಲ ಬಂತೆಂದು ಎಣಿಸುತ್ತಾರೆ. ನೂರಕ್ಕೆ ಒಂದು ಸಲವೂ ಬಾರದ ಅರ್ಥವನ್ನು ಸರ್ಕಾರಿ ನಿಘಂಟಿನಿಂದ ಕೈಬಿಡಬೇಕು. ಅಲ್ಲಿ ಬೈಗುಳವೆಂದು ಬರೆದ ಪದವನ್ನು ಸರ್ಕಾರಿ ಯಂತ್ರಗಳು ಸ್ವೀಕರಿಸುವುದಿಲ್ಲ. ಅರ್ಥ ಬರೆಯುವ ಕೆಲಸವನ್ನು ನಮ್ಮಂಥ ಮೇಷ್ಟ್ರುಗಳಿಗೆ ಹಂಚುತ್ತಾರೆ; ನಾಲ್ಕು ವರ್ಷದ ಹಿಂದೆ ಈ ಪದ ನನ್ನ ಪಾಲಿಗೆ ಬಂತು. ಅಷ್ಟರಲ್ಲಿ ಆ ಜನರೇ ನಾಚಿಕೆಯಿಂದ ತಮ್ಮ ಹೆಸರನ್ನು ಹೊರಗೆ ಹೇಳುವುದನ್ನು ಬಿಟ್ಟಿದ್ದರು. ನಾನು ನಿಯಮದಂತೆ ಬರೆದೆ: "ಕಡಲಿಗ: ಬೈಗುಳ. ಕೆಟ್ಟುಹೋದದ್ದು, ಕೆಲಸಕ್ಕೆ ಬಾರದ್ದು." ಹಳೆಯ ಅರ್ಥದ ಮೇಲೆ ಗೆರೆ ಎಳೆದೆ. ಅಕ್ಷರದೋಷವಿಲ್ಲವೆಂದು ಎರಡು ಸಲ ನೋಡಿ ತೃಪ್ತನಾದೆ.

ಅವರ ವಸತಿಯ ಹಕ್ಕುಪತ್ರದಲ್ಲಿ "ಕಡಲಿಗರಿಗೆ" ಎಂದಿದೆ. ಇನ್ನು ಹನ್ನೆರಡು ದಿನಗಳಲ್ಲಿ ಅದರ ಅವಧಿ ಮುಗಿಯುತ್ತದೆ. ನವೀಕರಿಸದಿದ್ದರೆ ನೂರ ನಲವತ್ತು ಮನೆಗಳೂ ಖಾಲಿಯಾಗಬೇಕು. ದೇಯಿ ಈಗ ಆ ವಸತಿಯ ಮುಖ್ಯಸ್ಥೆ. ಅವಳು ಏಳು ಸಲ ಅರ್ಜಿ ಹಾಕಿದಳು. ಅಶ್ಲೀಲ ಭಾಷೆಯ ಕಾರಣಕ್ಕೆ ಯಂತ್ರ ಏಳು ಸಲವೂ ತಿರಸ್ಕರಿಸಿತು. ನಿನ್ನೆ ಅವಳು ನನ್ನ ಜಗಲಿಗೆ ಬಂದಳು. "ನಿಮಗೆ ಅಷ್ಟು ಶಬ್ದ ಗೊತ್ತುಂಟಲ್ಲ ಮೇಷ್ಟ್ರೇ, ನಮಗೆ ಬೇರೆ ಒಂದು ಹೆಸರು ಕೊಡ್ಲಿಕ್ಕೆ ಆಗ್ತದಾ?" ಬೇರೆ ಹೆಸರಿಟ್ಟರೆ ಹಕ್ಕುಪತ್ರ ಬೇರೆಯವರದ್ದಾಗುತ್ತದೆ ಎಂದೆ. ಅವಳು, "ಹಾಗಾದ್ರೆ ನಾವು ಯಾರು ಮಾರಾಯ್ರೆ?" ಎಂದಳು. ಇಂದು ಪದಗಣತಿಯ ಕಚೇರಿಗೆ ಹೋಗಿ, ಹಳೆಯ ಅರ್ಥವನ್ನು ಮರಳಿ ಸೇರಿಸಿರೆಂದು ಬೇಡಿಕೊಂಡೆ. ನನ್ನಲ್ಲೇ ಓದಿದ ಅಧಿಕಾರಿ ಪುಟ ತೆರೆದು ತೋರಿಸಿದ. "ನೀವೇ ಸಹಿ ಹಾಕೀರಲ್ಲ ಸಾರ್. ಮುಂದಿನ ಗಣತಿ ತನಕ, ಇನ್ನೂ ಆರು ವರ್ಷ, ಏನೂ ಮಾಡಕ್ಕಾಗಲ್ಲ."

ನಿಮ್ಮ ಕಾಲದಲ್ಲಿಯೂ ಇಂಥ ಪದಗಳಿದ್ದವೆಂದು ಹಳೆಯ ನಿಘಂಟುಗಳಿಂದ ಬಲ್ಲೆ. ಒಂದನ್ನೂ ಇಲ್ಲಿ ಬರೆಯಲಾರೆ. ನಿಮಗೆ ಅವು ಗೊತ್ತಿವೆ. ನಿಮ್ಮಲ್ಲಿ ಕರಾವಳಿಯವರು ಇದ್ದರೆ, ನಾನು ಹೇಳುತ್ತಿರುವ ಜನ ನಿಮ್ಮ ವಂಶದವರೇ ಇರಬಹುದು. ಕೈಮುಗಿದು ಬೇಡುತ್ತೇನೆ: ಯಾರದೋ ಕುಲದ, ಊರಿನ, ಮೈಯ ಹೆಸರು ಮೊದಲ ಸಲ ತಮಾಷೆಗೆ ಬಾಯಿಗೆ ಬಂದಾಗ, ಪಕ್ಕದಲ್ಲಿರುವ ನೀವು ನಗಬೇಡಿ. ಅದು ಜನರ ಹೆಸರು ಎಂದು ಆಗಲೇ ಹೇಳಿಬಿಡಿ. ಹೇಳಬೇಕಾದ ದಿನ ನಾನು ಆಗೈತೆಯನ್ನು ತಿದ್ದುತ್ತಿದ್ದೆ.

ನಾಳೆ ದೇಯಿಯ ಜೊತೆ ಎಂಟನೆಯ ಅರ್ಜಿ ಹಿಡಿದು ಹೋಗುತ್ತೇನೆ. ಅದರಲ್ಲಿಯೂ ಅದೇ ಹೆಸರಿದೆ. ಏನಾಗುವುದೆಂದು ಇಬ್ಬರಿಗೂ ಗೊತ್ತು.

ಹಿಂದಂಚೆಯವರೂ ಕಾಗದವನ್ನು ಬೈಗುಳ ಅಳಿಸುವ ಯಂತ್ರಕ್ಕೆ ತೋರಿಸಿಯೇ ಕಳುಹಿಸುತ್ತಾರೆ. ಇದು ನಿಮ್ಮ ಕೈಸೇರುವಾಗ ಅಲ್ಲಲ್ಲಿ ಖಾಲಿ ಜಾಗ ಕಂಡರೆ, ಮುದುಕನ ಕೈತಪ್ಪೆಂದು ದಾಟಿಹೋಗಬೇಡಿ. ಅಲ್ಲಿ ದೇಯಿಯ ಜನರ ಹೆಸರನ್ನು ಬರೆದಿದ್ದೆ. ಕಾಗುಣಿತ ಸರಿಯಾಗಿತ್ತು.

ಇಂತು,
ಮರುಳಸಿದ್ಧಯ್ಯ
ನಿವೃತ್ತ ಮುಖ್ಯೋಪಾಧ್ಯಾಯ