ನೂರು ಮರಿಗಳ ಪೆಟ್ಟಿಗೆ

ಅಯೋವಾ
೯ ಏಪ್ರಿಲ್ ೨೦೦೧

ಪ್ರೀತಿಯ ತಂಗಿ ಲೊರೀನ್‌ಗೆ,

ಅಲಾಸ್ಕಾದಲ್ಲಿ ಹಿಮ ಕರಗಿತೇ? ನಿನ್ನ ಪತ್ರ ಬಂದು ಎರಡು ತಿಂಗಳಾದರೂ ಉತ್ತರ ಬರೆಯಲಿಲ್ಲ, ಬೈಯಬೇಡ. ಫೋನಿನಲ್ಲಿ ಮಾತಾಡೋಣವೆಂದರೆ ನಿನ್ನ ಭಾವ ಹಾರ್ಲನ್ ಪಕ್ಕದಲ್ಲೇ ಕೂತಿರುತ್ತಾರೆ. ನನಗೆ ಭಯವಾಗಿದೆ ಕಣೇ.

ಮೇ ಒಂದರಿಂದ ಅಂಚೆಯ ಜೊತೆ ಜೀವಂತ ಕೋಳಿಮರಿಗಳನ್ನು ಒಯ್ಯುವುದಿಲ್ಲವೆಂದು ವಿಮಾನದವರು ಹೇಳಿಬಿಟ್ಟಿದ್ದಾರೆ. ಒಯ್ಯಲೇಬೇಕೆಂಬ ಮಸೂದೆಯೊಂದು ವಾಷಿಂಗ್ಟನ್ನಿನಲ್ಲಿದೆ. ಅದು ಬಿದ್ದುಹೋದರೆ ಮರಿ ಮಾಡಿಸಿ ಮಾರಲೆಂದು ಅಪ್ಪ ಕಟ್ಟಿದ ಹ್ಯಾಚರಿಗೆ ಬೀಗವೇ ಗತಿ. ಈ ಬೆಳಿಗ್ಗೆ ಕಾವುಪೆಟ್ಟಿಗೆಗೆ ಇಟ್ಟ ಮೊಟ್ಟೆಗಳು ತಿಂಗಳ ಕೊನೆಯ ದಿನ ಒಡೆಯುತ್ತವೆ. ಮಸೂದೆ ಪಾಸಾಗುವವರೆಗೆ ತಡೀರಿ ಎಂದರೆ ಅವು ಕೇಳುತ್ತವೆಯೇ? ಕಳಿಸಲಾಗದ ಸಾವಿರಾರು ಮರಿಗಳನ್ನು ನಾವೇ ಏನು ಮಾಡಬೇಕಾಗುತ್ತದೆಂದು ನಿನಗೆ ಬಿಡಿಸಿ ಹೇಳಲಾರೆ.

ಹ್ಯಾಚರಿಯವರೆಲ್ಲ ಸೇರಿ ನನ್ನನ್ನೇ ವಾಷಿಂಗ್ಟನ್ನಿಗೆ ಅಟ್ಟಿದರು. "ನೀನು ನೋಡೋಕೆ ಎಲ್ಲರ ಮನೆ ಅಜ್ಜಿ ಥರ ಇದೀಯ. ಕರಗ್ತಾರೆ, ಹೋಗು" ಎಂದು ಹಾರ್ಲನ್ ನಕ್ಕರು. ಚರ್ಚಿನ ಬೂಟು ಹಾಕಿಕೊಂಡು ಹೋದೆ. ನಮ್ಮ ಸೆನೆಟರ್ ಸಿಗಲಿಲ್ಲ, ಅವರ ಸಹಾಯಕಿ ಮಿಸ್ ಪ್ರಾಟ್ ಎಂಬ ಹುಡುಗಿ ಸಿಕ್ಕಳು.

"ಪೆಟ್ಟಿಗೆಯೊಳಗೆ ಮೂರು ದಿನ ಕಾಳಿಲ್ಲ, ನೀರಿಲ್ಲ. ಪಾಪ ಅನ್ಸಲ್ವಾ ನಿಮಗೆ?" ಎಂದಳು.

"ಹುಟ್ಟೋಕೆ ಮುಂಚೆನೇ ಮರಿ ಮೊಟ್ಟೆಯ ಹಳದಿನೆಲ್ಲ ಹೊಟ್ಟೆಗೆ ಎಳ್ಕೊಂಡಿರುತ್ತಮ್ಮ. ದೇವರೇ ಮೂರು ದಿನದ ಬುತ್ತಿ ಕಟ್ಟಿ ಕಳಿಸ್ತಾನೆ."

"ಬುತ್ತಿ ಸರಿ. ಚಳಿಗೆ?"

"ಒಂದಕ್ಕೊಂದು ಅಂಟ್ಕೊಂಡು ಕೂರ್ತವೆ. ದೂರದ ಊರಾದ್ರೆ ಹತ್ತು ಹುಂಜದ ಮರಿ ಜಾಸ್ತಿನೇ ಹಾಕ್ತೀವಿ, ಬೆಚ್ಚಗಿರ್ಲಿ ಅಂತ."

"ಸತ್ತು ತಲುಪಿದ ಪೆಟ್ಟಿಗೆ ಒಂದೂ ಇಲ್ವಾ?"

ಹೋದ ವರ್ಷ ನಾನು ನಿನಗೆ ಕಳಿಸಿದ ಮರಿಗಳ ಪೆಟ್ಟಿಗೆ ತಲುಪಿದ ಮೇಲೆ ನೀನು ಬರೆದ ಪತ್ರ ಚೀಲದಲ್ಲಿತ್ತು. ತೆಗೆದು ಓದಿಯೇಬಿಟ್ಟೆ: "ಅಕ್ಕಾ, ನೂರು ಮರಿಗಳೂ ಒಲೆಯ ಪಕ್ಕ ಓಡಾಡುತ್ತಿವೆ." ಆ ಹುಡುಗಿಯ ಕಣ್ಣು ಒದ್ದೆಯಾಯಿತು. "ಇಂಥದ್ದೇ ಬೇಕಿತ್ತು ನಮಗೆ" ಎಂದು ನಿನ್ನ ಹೆಸರು, ಫೋನ್ ನಂಬರು ಬರೆದುಕೊಂಡಳು. ಇಪ್ಪತ್ಮೂರಕ್ಕೆ ಮಸೂದೆಯ ಸಮಿತಿ ಕೂರುತ್ತದೆ. ನಿನಗೆ ಫೋನ್ ಮಾಡಿ ಎಲ್ಲರೆದುರು ಕೇಳುತ್ತಾರಂತೆ. "ಗೆದ್ವಿ!" ಎಂದು ಹಾರ್ಲನ್ ಊರೆಲ್ಲ ಹೇಳಿಕೊಂಡು ಬಂದಿದ್ದಾರೆ. ನಾನು ಮಾತ್ರ ಫೋನ್ ರಿಂಗಾದರೆ ಅವರೇ ಎತ್ತಲೆಂದು ಹಿತ್ತಲಿಗೆ ಹೋಗಿಬಿಡುತ್ತೇನೆ.

ಮಂಡಿನೋವಿಗೆ ಎಣ್ಣೆ ಹಚ್ಚಿಕೋ. ದೇವರು ನಿನ್ನನ್ನೂ ನಿನ್ನ ಮನೆಯನ್ನೂ ಬೆಚ್ಚಗಿಟ್ಟಿರಲಿ.

ನಿನ್ನ ಅಕ್ಕ,
ವರ್ನಾ

ಮರೆತ ಮಾತು: ಮರೆತಿರಲಿಲ್ಲ, ಧೈರ್ಯವಾಗಿರಲಿಲ್ಲ. ಆ ಪೆಟ್ಟಿಗೆ ತಲುಪಿದ ದಿನವೇ ನಿಮ್ಮೂರ ಅಂಚೆಕಚೇರಿಯಾಕೆ ನನಗೆ ಫೋನ್ ಮಾಡಿದ್ದಳು. "ಒಳಗಿಂದ ಚಿಂವ್ ಅನ್ನೋ ಸದ್ದೇ ಇರಲಿಲ್ಲ ಕಣ್ರೀ. ನಿಮ್ಮ ತಂಗಿ ಮುಚ್ಚಳ ತೆಗೆದು ಹಾಗೇ ನೆಲದ ಮೇಲೆ ಕೂತ್ಬಿಟ್ರು" ಎಂದಳು. ಅದಾಗಿ ವಾರಕ್ಕೆ ನಿನ್ನ ಪತ್ರ ಬಂತು. ನನ್ನ ಮನಸ್ಸು ನೋಯಬಾರದೆಂದು ಬರೆದೆ, ಗೊತ್ತು. ಗೊತ್ತಿದ್ದೂ ಮಿಸ್ ಪ್ರಾಟ್ ಎದುರು ಓದಿದೆ. ನಿನಗೆ ಗೊತ್ತಿಲ್ಲದ್ದು ಒಂದಿದೆ. ಆ ಪೆಟ್ಟಿಗೆ ಕಳಿಸಿದ ದಿನ ಅಂಚೆಯ ಗಾಡಿ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿತ್ತು. ಬೆಚ್ಚಗಿರಲೆಂದು ಹಾಕುವ ಆ ಹತ್ತು ಹುಂಜದ ಮರಿಗಳನ್ನು ಹಾಕದೆಯೇ ಪೆಟ್ಟಿಗೆ ಮುಚ್ಚಿದವಳು ನಾನು. ನನಗೋಸ್ಕರ ಒಮ್ಮೆ ಸುಳ್ಳು ಹೇಳಿದ್ದೀಯ. ಸಮಿತಿಯೆದುರು ಇನ್ನೊಮ್ಮೆ ಹೇಳು ಎನ್ನಲು ಮುಖವಿಲ್ಲ. ಬೇಡ ಎನ್ನುವಷ್ಟು ಧೈರ್ಯವೂ ಇಲ್ಲ, ತಂಗಿ.