ಐಬು ಮೊದಲು ಹೇಳಿದವರು

ಮಾರ್ಚ್ ೧೨, ಗುರುವಾರ

ಇವತ್ತೂ ದನದ ಪೇಟೆ. ಎರಡು ಎಮ್ಮೆ ಮಾರಿಸಿದೆ. ಒಂದನ್ನು ಹೊಗಳಿದ್ದು ಜಾಸ್ತಿಯಾಯಿತು. "ಸಮಾಧಾನಣ್ಣಾ, ಇದು ಎಮ್ಮಿಯೋ ಮದುಮಗಳೋ?" ಎಂದ ಕೊಳ್ಳುವವ. ದಲಾಲಿ ಅಂದರೆ ಬಾಯಿಯ ಕೆಲಸ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ ಇನ್ನೇನಿದೆ?

ಮನೆಯಲ್ಲಿ ಮಗಳು ಮಾಯಾ ಮುಖ ಊದಿಸಿಕೊಂಡು ಕೂತಿದ್ದಳು. ಚಿಕ್ಕೋಡಿಯಲ್ಲಿ ಬಿಎಸ್ಸಿ ಓದುತ್ತಾಳೆ. ನಮ್ಮಲ್ಲಿ ದೊಡ್ಡವರಾದ ಮಕ್ಕಳು ಈಸ್ಟರ್ ದಿನ ಚರ್ಚಿನಲ್ಲಿ ಎಲ್ಲರ ಮುಂದೆ ನಿಂತು, ಯೇಸು ಸತ್ತು ಎದ್ದನೆಂದು ನಂಬುತ್ತೇನೆ ಅನ್ನಬೇಕು. ಈ ವರ್ಷ ಇವಳ ಸರದಿ. ಅನ್ನುವುದಿಲ್ಲವಂತೆ.

"ಕ್ಲಾಸಿನಾಗ ಎಲ್ಲಾರೂ ಕೇಳ್ತಾರ ಪಪ್ಪಾ, ಸತ್ತಾವ ಹೆಂಗ ಏಳ್ತಾನಂತ. ನನ್ನ ಕಡೆ ಉತ್ತರ ಇಲ್ಲ."

"ನಮ್ಮ ಕಾಕಾ ದಿನಾ ಕುಡದು ಸತ್ತಂಗ ಬಿದ್ದು, ಮುಂಜಾನೆ ಏಳ್ತಿದ್ದ."

ನಗಲಿಲ್ಲ. "ನೋಡು, ಇದ. ನಿನಗ ಖರೇನ ನಂಬಿಕಿ ಇದ್ರ ಜೋಕ್ ಹೇಳ್ತಿದ್ದಿಲ್ಲ."

ಊಟ ಸೇರಲಿಲ್ಲ. ನನಗೆ!

ಮಾರ್ಚ್ ೧೫, ಭಾನುವಾರ

ಪಾಸ್ಟರನ್ನು ಕೇಳಿದೆ. ದಪ್ಪ ಪುಸ್ತಕ ಕೊಟ್ಟರು. ಎರಡು ಪುಟಕ್ಕೆ ಗೊರಕೆ. "ದಿಂಬು ಚಲೋ ಐತಿ ಬಿಡ್ರಿ," ಎಂದಳು ಹೆಂಡತಿ ಸುಜಾತಾ.

ನಕ್ಕೆ. ಆದರೆ ಒಳಗೆ ಭಯ... ಯೇಸು ಎದ್ದನೆಂದು ನಮ್ಮ ಅಜ್ಜಿ ನಿಂತು ಹೇಳಿದ ಮಾತು ಅದು. ಊರವರು ನಕ್ಕರೂ ಹೇಳಿದಳು. ಅದು ನನ್ನ ಮಗಳಲ್ಲಿ ನಿಂತುಹೋದರೆ, ನನ್ನ ಜೋಕಿನಿಂದಲೇ ನಿಂತಿತು ಅಂತಾಗುತ್ತದೆ.

ಮಾರ್ಚ್ ೨೬, ಗುರುವಾರ

ಪೇಟೆಯಲ್ಲಿ ಕರೋಶಿಯ ದುರಗಪ್ಪ ಮಾನ ಕಳೆದ. ನಾನು ಅವನ ಎಮ್ಮೆ ಹೊಗಳುತ್ತಿದ್ದೇನೆ, ಅವನೇ ನಡುವೆ ಬಾಯಿ ಹಾಕಿದ — "ಒದಿತೈತ್ರಿ ಇದು. ಒಂದು ಮೊಲಿನೂ ಬತ್ತೈತಿ."

"ಲೇ, ನೀ ಮಾರಾಕ ಬಂದೀಯೋ, ಸಾಕ್ಷಿ ಹೇಳಾಕ ಬಂದೀಯೋ?" ಎಂದೆ.

ಕೊಳ್ಳುವ ಅಣ್ಣಾಸಾಬ ವಯಸ್ಸು ತಿಳಿಯಲು ಹಲ್ಲು ಕೂಡ ನೋಡಲಿಲ್ಲ, ರೊಕ್ಕ ಎಣಿಸಿ ಹಗ್ಗ ಹಿಡಿದ. "ತನ್ನ ಮಾಲಿನ ಐಬು ತಾನ ಹೇಳ್ತಾನಂದ್ರ, ಉಳದದ್ದೂ ಖರೇನ ಇರತೈತಿ."

ಬಸ್ಸಿನಲ್ಲಿ ಕೂತಾಗ ಮಾಯಾಳಿಗೆ ಹೇಳಬೇಕಾದ್ದು ಹೊಳೆಯಿತು. ಎದ್ದು ನಿಂತುಬಿಟ್ಟೆ. ಕಂಡಕ್ಟರ್ "ಸ್ಟಾಪ್ ಇನ್ನೂ ಮುಂದೈತ್ರಿ" ಎಂದ.

ಮಾರ್ಚ್ ೨೭, ಮುಂಜಾನೆ ೭

ಮಾಯಾ ಚಹಾ ಕುಡಿಯುತ್ತಿದ್ದಳು. ಎದುರಿಗೆ ಕೂತೆ.

"ನಾ ಓದಿಲ್ಲ. ಆದ್ರ ಸುಳ್ಳು ಹೇಳಿ ಮಾರಾವರನ್ನ ಇಪ್ಪತ್ತೆರಡು ವರ್ಷ ನೋಡೇನಿ. ಯಾರೂ ತಮ್ಮ ಐಬು ಹೇಳೂದಿಲ್ಲ. ಯೇಸೂನ ಶಿಷ್ಯರನ್ನ ನೋಡು. ಪೇತ್ರ ಅವರಾಗ ದೊಡ್ಡಾಂವ. ಯೇಸೂನ ಹಿಡದ ರಾತ್ರಿ ಅಂವಾ ಅವನ ಗುರ್ತ ಇಲ್ಲ ಅಂತ ಮೂರು ಸಲ ಅಂದಾನ. ಉಳದಾವರು ಓಡಿ ಬಾಗಿಲಾ ಹಾಕ್ಕೊಂಡು ಕುಂತಾರ. ಸಮಾಧಿ ಖಾಲಿ ಆದದ್ದು ಮೊದಲ ಕಂಡಾವರು ಹೆಂಗಸರು. ಆಗಿನ ಕಾಲಕ್ಕ ಅವರ ಸಾಕ್ಷಿ ಯಾರು ಕೇಳ್ತಿದ್ರು? ಕಟ್ಟಿದ ಕಥಿ ಆಗಿದ್ರ ತಮ್ಮ ಐಬು ತಾವ ಹಿಂಗ ಬರೀತಿದ್ರೇನು?"

ಲೋಟ ಕೆಳಗಿಟ್ಟಳು. "ಅಂದ್ರ ಅವರು ಸುಳ್ಳು ಹೇಳಿಲ್ಲ ಅಂತಾತು. ತಪ್ಪು ತಿಳ್ಕೊಂಡಿದ್ರ?"

ನನ್ನ ಮಗಳು! ಪೇಟೆಗೆ ಬಂದಿದ್ದರೆ ನಮ್ಮನ್ನೆಲ್ಲ ಮಾರಿ ಹಾಕುತ್ತಿದ್ದಳು.

"ಯೇಸು ಎಲ್ಲಿ ಸತ್ತನೋ ಅದ ಊರಾಗ ಇವರು ನಿಂತು ಒದರ್‍ಯಾರ ಬೇ, ಅಂವಾ ಎದ್ದಾನಂತ. ಇಲ್ಲೇ ಸತ್ತ ಎಮ್ಮಿನ ಇಲ್ಲೇ ಜೀವಂತ ಐತಿ ಅಂದ್ರ ಜನ ಸುಮ್ನಿರತಾರೇನು? ಗುಂಡಿ ಕೆದರಿ ತೋರಸ್ತಾರ. ಯೇಸೂನ ಹೆಣಾ ಯಾರೂ ತೋರಸಲಿಲ್ಲ. ಇವರು ಹೊಡತ ತಿಂದ್ರು, ಸತ್ರು, ಮಾತು ಬದಲಸಲಿಲ್ಲ."

ಆರಿದ ಚಹಾ ಎತ್ತಿಕೊಂಡಳು. "ಪಪ್ಪಾ, ನೀ ಇದನ್ನ ಇಷ್ಟು ವಿಚಾರ ಮಾಡೀ?"

"ನೀ ಕೇಳಿದಿ ಅಂತ."

ಏಪ್ರಿಲ್ ೫, ಈಸ್ಟರ್

ನಸುಕಿನಲ್ಲಿ ಚರ್ಚ್ ತುಂಬಿತ್ತು. ಪಾಸ್ಟರ್ ಹೆಸರು ಕರೆದರು. ಮಾಯಾ ಎದ್ದಳು.

"ಪಾಸ್ಟರ್, ನನಗ ಇನ್ನೂ ಪ್ರಶ್ನಿ ಅದಾವ್ರಿ. ಕೇಳೂದು ಬಿಡೂದಿಲ್ಲ. ಆದ್ರ ಅಂವಾ ಎದ್ದಾನಂತ ನಂಬತೀನ್ರಿ."

ಆಗ ಮುದುಕಿ ಕಾಶಿಬಾಯಿ ಹಿಂದಿನಿಂದ ಕೂಗಿದಳು — "ಎಂಬತ್ತು ವರ್ಷಾತು, ನಾನೂ ಕೇಳಾಕತ್ತೇನಿ ಬೇ! ಹಲ್ಲೆಲೂಯಾ!"

ಎಲ್ಲರೂ ನಕ್ಕರು. ಪಾಸ್ಟರ್ ಕೂಡ. ನಾನೊಬ್ಬನೇ ನಗಲಿಲ್ಲ. ಎದೆ ಅಂಗಿಯೊಳಗೆ ಹಿಡಿಸುತ್ತಿರಲಿಲ್ಲ.

ಸುಜಾತಾ ಮೊಣಕೈಯಿಂದ ತಿವಿದಳು. "ಈಗೊಂದು ಜೋಕ್ ಹೇಳ್ರಿ ನೋಡೂನು."

ಬಾಯಿ ತೆರೆದೆ — ಜೋಕ್ ಬರಲಿಲ್ಲ, ಹಲ್ಲೆಲೂಯಾ ಬಂತು.