ನನ್ನ ಕಡೆಯ ಬ್ರೇಕ್

ಮೇ 6, ಬೆಳಿಗ್ಗೆ 9.40

ಗೇರ್ ಮೇಡಂ ಇವತ್ತು ಆರು ಸಲ ಇಂಜಿನ್ ಆಫ್ ಮಾಡಿದರು. ರಿಟೈರಾದ ಹೆಡ್‌ಮಿಸ್ಟ್ರೆಸ್; ಅರವತ್ತೆರಡಕ್ಕೆ ಕಾರು ಕಲಿಯುವ ಹುಚ್ಚು. ಗೇರ್ ಎಂದರೇ ಬೆವರುತ್ತಾರೆ, ಅದಕ್ಕೇ ಆ ಹೆಸರು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವಳ ಕಡೆ ಸ್ಟೇರಿಂಗ್ ಇಲ್ಲ, ಕಾಲಡಿ ಒಂದು ಬ್ರೇಕ್ ಇದೆ, ಅಷ್ಟೇ. ಹದಿನಾಲ್ಕು ವರ್ಷದ ಅಭ್ಯಾಸ — ಎಲ್ಲೇ ಕೂತಿರಲಿ, ಹೆದರಿಕೆಯಾದರೆ ಬಲಗಾಲು ತಾನಾಗಿಯೇ ನೆಲ ಒತ್ತುತ್ತದೆ. ಮನೆಯಲ್ಲಿ ಅಪ್ಪ-ಮಗಳು ಇದನ್ನೇ ಆಡಿಕೊಂಡು ನಗುತ್ತಾರೆ.

ಮಗಳ ಫೋನು. ಎರಡೂ ಕಡೆ ಸೀಟು ಸಿಕ್ಕಿದೆಯಂತೆ. ಊರಿನ ಕಾಲೇಜು — ಪೂರ್ತಿ ಸ್ಕಾಲರ್‌ಶಿಪ್, ಒಂದು ಪೈಸೆ ಬಿಚ್ಚಬೇಕಿಲ್ಲ. ಇನ್ನೊಂದು ಆ ದೊಡ್ಡ ಯೂನಿವರ್ಸಿಟಿ. ಎಂಟನೇ ಕ್ಲಾಸಿನಿಂದ ಅದರ ಚಿತ್ರ ಅವಳ ಕಪಾಟಿನ ಬಾಗಿಲ ಮೇಲಿದೆ. ಅಲ್ಲಿ ಎಲ್ಲದಕ್ಕೂ ನಾವೇ ದುಡ್ಡು ಸುರಿಯಬೇಕು. ಇಪ್ಪತ್ತರ ಸಂಜೆ ಐದರೊಳಗೆ ಉತ್ತರ ಕೊಡಬೇಕು.

ಖುಷಿಯಾಯಿತು. ಆಮೇಲೆ ಮನಸ್ಸಿನಲ್ಲೇ ದುಡ್ಡಿನ ಲೆಕ್ಕ ಹಾಕತೊಡಗಿದೆ.

ಮೇ 7

ಇವರು ಕನ್ನಡಕದಂಗಡಿಯ ಕೆಲಸ ಮುಗಿಸಿ ಸ್ವೀಟ್ ಡಬ್ಬ ಹಿಡಿದೇ ಬಂದರು. ಯಾವುದಕ್ಕೆ ಕಳಿಸೋಣ ಎಂದರೆ, ನೀವಿಬ್ಬರೂ ಹೇಳಿದ್ದೇ ಸರಿಯಂತೆ. ದಿನವಿಡೀ ಜನರಿಗೆ 'ಇದು ಚೆನ್ನಾಗಿ ಕಾಣುತ್ತಾ, ಅದು ಕಾಣುತ್ತಾ' ಎಂದು ಕೇಳುವ ಮನುಷ್ಯ. ಮನೆಗೆ ಬಂದರೆ ಅವರಿಗೇ ಏನೂ ಕಾಣುವುದಿಲ್ಲ.

ಸಾಲ ಕೇಳಿದರೆ ಬ್ಯಾಂಕಿನವರು ಕೈಯೆತ್ತಿಬಿಟ್ಟರು. ಮನೆ ಮಾರಿದರೆ ಆಗುತ್ತದೆ. ಬೇರೆ ದಾರಿ ಇಲ್ಲ.

ಮೇ 11

ಗೇರ್ ಮೇಡಂಗೆ ಬಾಯಿ ತಪ್ಪಿ ಹೇಳಿಬಿಟ್ಟೆ. ಫ್ರೀ ಸಿಕ್ಕಿದ್ದನ್ನು ಬಿಡಬೇಡಿ, ಓದುವವಳು ಎಲ್ಲಿದ್ದರೂ ಓದುತ್ತಾಳೆ ಎಂದರು. ಮುಂದಿನ ಸಿಗ್ನಲ್‌ನಲ್ಲಿ ತಿಳಿಯಿತು, ಅವರ ಮಗನನ್ನು ಕಳಿಸಿದ್ದು ಆ ದೊಡ್ಡದಕ್ಕೇ. ಹಸಿರು ಬಂದರೂ ಮೇಡಂ ಹೊರಡಲಿಲ್ಲ. ಹಿಂದಿನ ಗಾಡಿಯವರಿಂದ ಬೈಸಿಕೊಂಡವಳು ನಾನು.

ಮಗಳನ್ನು ಕೇಳಿದರೆ, ನೋಡೋಣ ಬಿಡಮ್ಮ, ಅಷ್ಟೇ.

ಮೇ 18

ಒಂದು ವಾರ ಬರೆಯಲಿಲ್ಲ. ಬರೆಯಲು ಏನಿತ್ತು... ಇಬ್ಬರು ಬಂದು ಮನೆ ನೋಡಿಕೊಂಡು ಹೋದರು. ಒಬ್ಬಾತ ಅಡುಗೆಮನೆಯ ಗೋಡೆ ತಟ್ಟಿ ತಟ್ಟಿ ನೋಡಿದ. ಮಗಳು ಅಲ್ಲೇ ನಿಂತಿದ್ದಳು.

ಇವತ್ತು ಊಟಕ್ಕೆ ಕೂತಾಗ ಕೊನೆಗೂ ಕೇಳಿದಳು.

"ಅಮ್ಮ, ನಾನು ದೊಡ್ಡದಕ್ಕೇ ಹೋಗ್ಲಾ?"

"ಹೋಗು ಪುಟ್ಟಾ. ನಾವಿದ್ದೀವಲ್ಲ."

ದೇವರಾಣೆ, ಮನಸಾರೆ ಹೇಳಿದೆ. ದನಿಯೂ ನಡುಗಲಿಲ್ಲ. ಆದರೆ ಅವಳು ನನ್ನ ಮುಖ ನೋಡುತ್ತಿರಲಿಲ್ಲ. ಮೇಜಿನ ಕೆಳಗೆ ನೋಡುತ್ತಿದ್ದಳು. ನಾನೂ ಬಗ್ಗಿ ನೋಡಿದೆ. ಬಲಗಾಲು ನೆಲವನ್ನು ಒತ್ತಿ ಹಿಡಿದಿತ್ತು, ಬೆರಳುಗಳು ಬೆಳ್ಳಗಾಗುವಷ್ಟು.

ಈ ಸಲ ಯಾರೂ ನಗಲಿಲ್ಲ.

ಮೇ 19

ಬೆಳಿಗ್ಗೆ ತಿಂಡಿ ತಿನ್ನುತ್ತಾ ಹೇಳಿದಳು — ಊರಿನ ಕಾಲೇಜೇ ಸಾಕು, ಹತ್ತಿರ, ಗೆಳತಿಯರೂ ಇರುತ್ತಾರೆ. ಒಬ್ಬ ಗೆಳತಿಯೂ ಅಲ್ಲಿಗೆ ಸೇರುತ್ತಿಲ್ಲ, ನನಗೆ ಗೊತ್ತು. ಅದು ಬರೀ ಅಭ್ಯಾಸ ಕಣೇ, ಕಾಲಿನ ಮಾತು ಕೇಳಬೇಡ ಎನ್ನಬೇಕಿತ್ತು. ನಾಲಿಗೆ ತುದಿಗೆ ಬಂದಿತ್ತು.

ಅನ್ನಲಿಲ್ಲ. ಯಾಕೆಂದರೆ ಹಗುರವಾಯಿತು. ಇಲ್ಲಿ ಮಾತ್ರ ಬರೆಯುತ್ತೇನೆ — ಮಗಳು ಸುಳ್ಳು ಹೇಳಿದಳು, ನನಗೆ ಹಗುರವಾಯಿತು. ಇವರಿಗೂ ಆಗಿರಬೇಕು, ಎರಡನೇ ಸಲ ಕಾಫಿ ಕೇಳಿದರು. ನನ್ನ ಮೇಲೆ ನನಗೇ ಹೇಸಿಗೆ. ಏನು ಮಾಡಬೇಕೋ ತಿಳಿಯುತ್ತಿಲ್ಲ.

ಮೇ 20, ಸಂಜೆ 4.35

ಊರಿನ ಕಾಲೇಜಿನ ಫಾರಂ ತುಂಬಿಟ್ಟಿದ್ದಾಳೆ. ಅದನ್ನು ಕಳಿಸುವ ಮೊದಲು ದೊಡ್ಡದಕ್ಕೆ ಬೇಡ ಎನ್ನಬೇಕು. ಅವರ ಫಾರಂನಲ್ಲಿ ಒಂದು ಕಾಲಂ — ಸೀಟು ಬೇಡವೆನ್ನಲು ಕಾರಣ. ಖಾಲಿ ಬಿಟ್ಟರೆ ಮುಂದಕ್ಕೆ ಹೋಗುವುದಿಲ್ಲ. ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದಳು. ಸಿಟ್ಟಿಲ್ಲ, ಅಳುವಿಲ್ಲ. ಮನೆ ವಿಳಾಸ ಕೇಳುವ ಹಾಗೆ ಕೇಳಿದಳು.

"ಏನಂತ ಹಾಕ್ಲಿ ಅಮ್ಮ?"

ಒಂದು ನಿಮಿಷ ಎಂದು ಹೇಳಿ ರೂಮಿಗೆ ಬಂದು ಕೂತಿದ್ದೇನೆ. ಇನ್ನೂ ಇಪ್ಪತ್ತೈದು ನಿಮಿಷ ಇದೆ. ಎದ್ದು ಹೋಗಿ, ಏನೂ ಹಾಕಬೇಡ, ದೊಡ್ಡದಕ್ಕೇ ಹೋಗು ಎನ್ನಬಹುದು. ಕಾಲು ಏಳುತ್ತಿಲ್ಲ. ಹೊರಗೆ ಕಾಯುತ್ತಿದ್ದಾಳೆ... ಅಮ್ಮ ಎಂದು ಕರೆದಳು. ಬಂದೆ ಎಂದೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಹೋಗಿ ಹೇಳುತ್ತೇನೆ.

ಕಾರಣ —